ಡಿಪಿಎಫ್ ಲೈಟ್ ಪದೇ ಪದೇ ಹತ್ತುತ್ತಿದೆ, ಏನು ಮಾಡಲಿ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಬಿಎಸ್6 ಡೀಸೆಲ್ ಕಾರು ತಗೊಂಡು ಆರು ತಿಂಗಳಾಯಿತು. ಜಯನಗರದ ಮನೆಯಿಂದ ಕೋರಮಂಗಲದ ಆಫೀಸಿಗೆ, ಅಷ್ಟೇ ಓಡಾಟ. ಈ ತಿಂಗಳು ಮೂರು ಸಲ ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಲೈಟ್ ಹತ್ತಿದೆ. ಗ್ಯಾರೇಜಿನವರು ಆ ಫಿಲ್ಟರ್ ಡಬ್ಬವನ್ನೇ ತೆಗೆದುಬಿಡೋಣ ಅಂತಾರೆ. ತೆಗೆಸಲಾ?

ಉತ್ತರ 1: ಬೇಡ ಸರ್, ತೆಗೆಸಬೇಡಿ. ಅದು ಕಾನೂನಿಗೆ ವಿರುದ್ಧ, ನಾಳೆ ಮಾರುವಾಗಲೂ ತಲೆನೋವು. ನನ್ನ ಕಾರೂ ಹೀಗೇ ಕಾಟ ಕೊಡುತ್ತಿತ್ತು.

2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳಿಗೆಲ್ಲ ಈ ಫಿಲ್ಟರ್ ಬಂತು. ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತು. ಹೊಗೆಯಲ್ಲಿನ ಮಸಿ ಅಲ್ಲಿ ಕೂರುತ್ತದೆ. ಜಾಸ್ತಿ ತುಂಬಿದಾಗ ಕಾರು ತಾನೇ ಒಂದಿಷ್ಟು ಹೆಚ್ಚು ಡೀಸೆಲ್ ಬಿಟ್ಟು, ಫಿಲ್ಟರನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿ ಸುಡುತ್ತದೆ. ರೀಜನರೇಷನ್ ಅಂತಾರೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತೇ ಇದ್ದರೆ ಅಷ್ಟು ಬಿಸಿ ಎಲ್ಲಿಂದ ಬರಬೇಕು?

ಒಂದು ಸಂಜೆ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸಿ ಕೀ ತೆಗೆದೆ. ಫ್ಯಾನ್ ಮಾತ್ರ ಗುಂಯ್ ಅಂತ ತಿರುಗುತ್ತಲೇ ಇತ್ತು, ಸುಟ್ಟ ವಾಸನೆ ಬೇರೆ. ವಾಚ್‌ಮನ್ ಓಡಿ ಬಂದು, "ಸಾರ್, ಗಾಡಿ ಆಫ್ ಆಗಿಲ್ಲ" ಅಂದ. ಸುಡುತ್ತಿದ್ದ ಕೆಲಸವನ್ನು ನಾನು ಅರ್ಧಕ್ಕೇ ನಿಲ್ಲಿಸಿದ್ದೆ. ಎಷ್ಟು ದಿನದಿಂದ ಹೀಗೆ ಮಾಡುತ್ತಿದ್ದೆನೋ! ಮಾರನೇ ದಿನ ಡಿಪ್‌ಸ್ಟಿಕ್ (ಇಂಜಿನ್ ಆಯಿಲ್ ಅಳೆಯುವ ಕಡ್ಡಿ) ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆ ದಾಟಿದೆ. ಮೂಸಿದರೆ ಡೀಸೆಲ್ ವಾಸನೆ. ಸುಡದೆ ಉಳಿದ ಡೀಸೆಲ್ ಇಳಿದು ಆಯಿಲ್‌ಗೆ ಸೇರಿತ್ತು. ಅವಧಿಗೆ ಮೊದಲೇ ಆಯಿಲ್ ಬದಲಾಯಿಸಬೇಕಾಯಿತು. ನೀವೂ ಇವತ್ತೇ ನೋಡಿ.

ಈಗ ಹದಿನೈದು ದಿನಕ್ಕೊಮ್ಮೆ ಭಾನುವಾರ ಬೆಳಗ್ಗೆ ತುಮಕೂರು ರಸ್ತೆಗೆ ಬಿಡುತ್ತೇನೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಒಂದು ನೆಪ. ನಾಲ್ಕನೇ ಗೇರು, 2000 ಆರ್‌ಪಿಎಂ ಮೇಲೆ, ಇಪ್ಪತ್ತು ನಿಮಿಷ ಎಲ್ಲೂ ನಿಲ್ಲಿಸದೆ. ಲೈಟ್ ಆರುತ್ತದೆ. ಆದರೆ ಲೈಟ್ ಮಿನುಗುತ್ತಿದ್ದರೆ, ಇಂಜಿನ್ ಲೈಟೂ ಹತ್ತಿದ್ದರೆ, ಪಿಕಪ್ ಸತ್ತಿದ್ದರೆ ಹೈವೇ ಸಾಹಸ ಬೇಡ. ನೇರ ಸರ್ವೀಸಿಗೆ ಒಯ್ಯಿರಿ, ಸ್ಕ್ಯಾನರ್ ಹಾಕಿ ಅವರೇ ಸುಡಿಸುತ್ತಾರೆ. ಇನ್ನೊಂದು, ಆಗತಾನೇ ಮಸಿ ಸುಟ್ಟು ಕಾದಿರುವ ಗಾಡಿಯನ್ನು ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ. ಹಳ್ಳಿ ಕಡೆ ರಸ್ತೆಯಲ್ಲೇ ಹುರುಳಿ ಒಕ್ಕಲು ಹಾಕಿರುತ್ತಾರಲ್ಲ, ಅಲ್ಲಂತೂ ಹುಷಾರು.

ಉತ್ತರ 2: ಮೇಲಿನವರು ಹೇಳಿದ್ದೆಲ್ಲ ಸರಿ. ಒಂದು ಸೇರಿಸುತ್ತೇನೆ. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ, ಫಿಲ್ಟರಿನಲ್ಲೇ ಉಳಿಯುತ್ತದೆ. ಆ ಬೂದಿ ಬರುವುದು ಜಾಸ್ತಿ ಇಂಜಿನ್ ಆಯಿಲ್‌ನಿಂದ. ಅದಕ್ಕೇ ಇವಕ್ಕೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು. ಆಯಿಲ್ ಡಬ್ಬದ ಮೇಲೆ ಸಿ2, ಸಿ3 ಅಂತೆಲ್ಲ ದರ್ಜೆ ಬರೆದಿರುತ್ತದೆ, ನಿಮ್ಮ ಗಾಡಿಗೆ ಯಾವುದು ಅಂತ ಮ್ಯಾನುಯಲ್‌ನಲ್ಲಿದೆ. ನನ್ನ ಹಳೇ ಗ್ಯಾರೇಜಿನವನು ಲಾರಿಗೆ ಹಾಕುವ ಆಯಿಲ್ ಸುರಿದಿದ್ದ, ಕೇಳಿದರೆ "ಎಲ್ಲಾ ಒಂದೇ ಸಾರ್" ಅಂದ! ನಿಮ್ಮದು ಸೆಕೆಂಡ್ ಹ್ಯಾಂಡ್ ಅಲ್ವಾ? ಹಿಂದಿನ ಓನರ್ ಯಾವ ಆಯಿಲ್ ಹಾಕಿಸಿದ್ದರು, ಬಿಲ್ ಇದ್ದರೆ ನೋಡಿ ಹೇಳಿ.