ಪದಚರ್ಚೆ: ಸಿಒಪಿಡಿಗೆ 'ಗೂರಲು' ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ನಾನು ತಿಪಟೂರು ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಡಾಕ್ಟರು. ಸಿಒಪಿಡಿ (ಗಾಳಿಯ ದಾರಿ ಕಟ್ಟಿ ಉಸಿರಾಟ ಕಷ್ಟವಾಗುವ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಬಗ್ಗೆ ಹಳ್ಳಿಗಳಲ್ಲಿ ಹಂಚಲು ಒಂದು ಕರಪತ್ರ ಬರೆಯುತ್ತಿದ್ದೇನೆ, ಹೆಸರಿನಲ್ಲೇ ಸಿಕ್ಕಿಕೊಂಡಿದ್ದೇನೆ. 'ದೀರ್ಘಕಾಲದ ಶ್ವಾಸಕೋಶ ಪ್ರತಿರೋಧಕ ಕಾಯಿಲೆ' ಎಂದು ಬರೆದರೆ, 'ರೋಗನಿರೋಧಕ' ಓದಿ ಅಭ್ಯಾಸವಾದವರಿಗೆ ಅದು ಏನನ್ನೋ ತಡೆಯುವ ಒಳ್ಳೆಯದೆನಿಸುತ್ತದೆ. ಇಲ್ಲಿ ಕಟ್ಟಿರುವುದು ಗಾಳಿಯ ದಾರಿ.

ಹೆಸರಿಗಿಂತ ನಾವು ಕೇಳುವ ಪ್ರಶ್ನೆಯದೇ ದೊಡ್ಡ ತೊಡಕು. ಮೊನ್ನೆ ಐವತ್ತೈದರ ಒಬ್ಬ ತಾಯಿ ಬಂದಿದ್ದರು. "ಉಸಿರಾಟದ ತೊಂದರೆ ಇದೆಯಾ?" ಎಂದರೆ "ಏನಿಲ್ಲ ಕಣವ್ವ, ಸುಸ್ತು ಅಷ್ಟೆ, ವಯಸ್ಸಾಯ್ತಲ್ಲ" ಎಂದರು. "ದಿಬ್ಬ ಹತ್ತುವಾಗ ಏದುಸಿರು ಬರುತ್ತಾ?" ಎಂದು ಕೇಳಿದ ಮೇಲೆ ಎಲ್ಲ ಹೊರಗೆ ಬಂತು. ಓರಗೆಯವರ ಜೊತೆ ನಡೆಯಲಾಗದೆ ನಿಂತು ನಿಂತು ಹೋಗುವುದು, ಬೆಳಗಾದರೆ ಕೆಮ್ಮು, ಕಫ. ಬೀಡಿ ಮುಟ್ಟಿದವರಲ್ಲ. ಮದುವೆಯಾದಾಗಿನಿಂದ ತೆಂಗಿನ ಸೋಗೆ, ಮಟ್ಟೆ ಉರಿಸುವ ಒಲೆ.

ಈಗ ಪದಗಳಿಗೆ ಬರುತ್ತೇನೆ. 'ದಮ್ಮು' ಎನ್ನೋಣವೆಂದರೆ ಬೀಡಿ ಎಳೆಯುವುದೂ ದಮ್ಮೇ (ಪರ್ಷಿಯನ್ನಿನಲ್ಲಿ ದಮ್ ಎಂದರೆ ಉಸಿರು). 'ಉಬ್ಬಸ' ಎಂದೊಡನೆ ಜನ ಅಸ್ತಮಾ ಅಂದುಕೊಳ್ಳುತ್ತಾರೆ. ಅಸ್ತಮಾ ಹೆಚ್ಚಾಗಿ ಚಿಕ್ಕಂದಿನಿಂದಲೇ ಇರುತ್ತದೆ, ಬಂದು ಹೋಗುತ್ತದೆ. ಸಿಒಪಿಡಿ ಸಾಮಾನ್ಯವಾಗಿ ನಲವತ್ತು ದಾಟಿದ ಮೇಲೆ ಮೆಲ್ಲಗೆ ಏರುತ್ತ ಹೋಗುತ್ತದೆ. ಉಳಿದದ್ದು 'ಗೂರಲು'. ಹಳೆಯ ಕೆಮ್ಮು, ಎದೆಯ ಗೊರಗೊರ ಎರಡೂ ಅದರಲ್ಲಿ ಕೇಳಿಸುತ್ತವೆ, ನನಗೆ ಒಪ್ಪಿಗೆಯೂ ಆಗಿದೆ. ಆದರೆ ನಮ್ಮ ಕಡೆ ಅದು ಮುದುಕರಿಗೆ ಅಂಟಿದ ಮಾತು. ಕೋಲಾರ, ಚಿಕ್ಕಬಳ್ಳಾಪುರದವರೇ, ನಿಮ್ಮಲ್ಲಿ ಹೆಂಗಸರಿಗೂ, ನಡುವಯಸ್ಸಿನವರಿಗೂ 'ಗೂರಲು' ಅನ್ನುತ್ತಾರೆಯೇ?

ಪದ ಸಿಕ್ಕಿದರೂ ರೋಗ ತೀರ್ಮಾನವಾಗುವುದು ಮಾತಿನಿಂದಲ್ಲ. ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಕ್ಷಯದ ಕಫ ಪರೀಕ್ಷೆ ಆಗಲೇಬೇಕು. ಆಮೇಲೆ ಸ್ಪೈರೋಮೆಟ್ರಿ, ಅಂದರೆ ಯಂತ್ರಕ್ಕೆ ಊದಿಸಿ ಉಸಿರು ಅಳೆಯುವ ಪರೀಕ್ಷೆ: ಶ್ವಾಸನಾಳ ಹಿಗ್ಗಿಸುವ ಔಷಧ ಎಳೆದುಕೊಂಡ ಮೇಲೂ, ಜೋರಾಗಿ ಬಿಟ್ಟ ಒಟ್ಟು ಉಸಿರಿನಲ್ಲಿ ಮೊದಲ ಸೆಕೆಂಡಿನ ಪಾಲು 0.70ಕ್ಕಿಂತ ಕಡಿಮೆಯಿದ್ದರೆ ಗಾಳಿದಾರಿ ಕಟ್ಟಿದೆ ಎಂದು ಅರ್ಥ.

ಅಲ್ಲೂ ಒಂದು ಪದ ಬೇಕಾಗಿದೆ. ತುಮಕೂರಿನಲ್ಲಿ ಆ ತಾಯಿಗೆ "ಜೋರಾಗಿ ಊದಿ" ಎಂದಾಗ ಊದುಗೊಳವೆ ಹಿಡಿದವರಂತೆ ಕೆನ್ನೆ ಉಬ್ಬಿಸಿ ಫೂ, ಫೂ ಎಂದು ಬಿಟ್ಟುಬಿಟ್ಟು ಊದಿದರು. ಮೂರು ಸಲವೂ ಪರೀಕ್ಷೆ ಕೆಟ್ಟಿತು. ಎದೆ ತುಂಬ ಎಳೆದುಕೊಂಡು, ನಡುವೆ ನಿಲ್ಲಿಸದೆ, ಒಂದೇ ದಮ್ಮಿಗೆ ಪೂರ್ತಿ ಹೊರಹಾಕುವುದಕ್ಕೆ ನಿಮ್ಮ ಊರಲ್ಲಿ ಏನನ್ನುತ್ತಾರೆ?