ರೀಬಾಂಡಿಂಗ್ ಆದಮೇಲೆ ಕೂದಲು ತುಂಡಾಗುತ್ತಿದೆ, ನೆತ್ತಿ ಸುಟ್ಟಿದೆ: ಸಲೂನ್‌ನಿಂದ ಪರಿಹಾರ ಪಡೆಯುವುದು ಹೇಗೆ?

ಹಳೇಪೇಟೆ (ಪ್ರಶ್ನೆ)

ತಂಗಿ ಮೈಸೂರಿನ ಒಂದು ಸಲೂನ್‌ನಲ್ಲಿ ರೀಬಾಂಡಿಂಗ್ (ರಾಸಾಯನಿಕ ಕ್ರೀಮ್ ಹಚ್ಚಿ ಕೂದಲು ನೇರ ಮಾಡುವುದು) ಮಾಡಿಸಿದ್ದಾಳೆ. ಕೆಲವು ತಿಂಗಳ ಹಿಂದೆ ಬೇರೆ ಕಡೆ ಹೈಲೈಟ್ಸ್‌ಗೆ ಬ್ಲೀಚ್ ಮಾಡಿಸಿದ್ದಳು. ಅದರ ಬಗ್ಗೆ ಇಲ್ಲಿ ಯಾರೂ ಕೇಳಲಿಲ್ಲ, ಒಂದು ಎಳೆಯ ಮೇಲೆ ಹಚ್ಚಿ ಪರೀಕ್ಷೆಯನ್ನೂ ಮಾಡಲಿಲ್ಲ. ಕ್ರೀಮ್ ಹಚ್ಚಿದಾಗ ಉರಿ ಎಂದರೆ "ಸ್ವಲ್ಪ ತಡ್ಕೊಳ್ಳಿ, ಎಲ್ಲರಿಗೂ ಹಾಗೇ" ಎಂದರಂತೆ. ಈಗ ಬಲಗಿವಿಯ ಹಿಂದೆ ಸುಟ್ಟ ಗಾಯ ಹಕ್ಕಳೆ ಕಟ್ಟಿದೆ. ಅದೇ ಬದಿಯ ಕೂದಲು ಬುಡದಿಂದ ಎರಡು ಬೆರಳು ಮೇಲೆ ತುಂಡಾಗಿ ಉದುರುತ್ತಿದೆ.

ಸಲೂನ್‌ನವರು "ನಿಮ್ಮ ಕೂದಲೇ ವೀಕ್, ಥೈರಾಯ್ಡ್ ಚೆಕ್ ಮಾಡಿಸಿ" ಎನ್ನುತ್ತಾರೆ. ಉಚಿತ ಹೇರ್ ಸ್ಪಾ ಕೊಡ್ತೀವಿ ಎಂದೂ ಹೇಳಿದ್ದಾರೆ. ಶುರು ಮಾಡುವ ಮೊದಲು "ಆಗುವ ಹಾನಿಗೆ ಸಲೂನ್ ಹೊಣೆಯಲ್ಲ" ಎಂಬ ಫಾರ್ಮ್‌ಗೆ ಸಹಿ ಹಾಕಿಸಿಕೊಂಡಿದ್ದಾರೆ. ದುಡ್ಡು ಯುಪಿಐನಲ್ಲಿ ಕಟ್ಟಿದ್ದು ನಾನು, ಬಿಲ್ ಕೊಟ್ಟಿಲ್ಲ. ಕೇಸ್ ನಿಲ್ಲುತ್ತದೆಯೇ? ಮೊದಲು ಏನು ಮಾಡಬೇಕು?

ಅಹವಾಲು

ನಿಲ್ಲುತ್ತದೆ. ಆದರೆ ನಿಲ್ಲುವುದು ಬೀಳುವುದು ಈ ಎರಡು ಮೂರು ವಾರಗಳಲ್ಲಿ ನೀವು ಏನನ್ನು ಕೂಡಿಡುತ್ತೀರಿ ಎಂಬುದರ ಮೇಲಿದೆ. ವಕೀಲರನ್ನು ಹುಡುಕುವುದು ಆಮೇಲಾದರೂ ಆದೀತು.

ಮೊದಲು ಕಾನೂನು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಸೆಕ್ಷನ್ 2(11) ಹೇಳುವ ಸೇವಾ ನ್ಯೂನತೆಯಲ್ಲಿ ನಿರ್ಲಕ್ಷ್ಯದಿಂದ ಗ್ರಾಹಕನಿಗೆ ಆದ ನಷ್ಟವೂ ಸೇರಿದೆ. ದುಡ್ಡು ಕಟ್ಟಿದ್ದು ನೀವಾದರೂ ತಂಗಿ ಗ್ರಾಹಕಳೇ. ಹಣ ಕೊಟ್ಟವರ ಒಪ್ಪಿಗೆಯಿಂದ ಸೇವೆ ಪಡೆದವರನ್ನೂ ಸೆಕ್ಷನ್ 2(7) ಒಳಗೆ ತಂದಿದೆ. ದೂರು ತಂಗಿಯ ಹೆಸರಲ್ಲಿರಲಿ, ನೀವು ಹಣ ಕಟ್ಟಿದ್ದಕ್ಕೆ ಒಂದು ಅಫಿಡವಿಟ್ ಕೊಡಿ. ಸಂಪೂರ್ಣ ಉಚಿತವಾಗಿ ಮಾಡಿಸಿಕೊಂಡ ಸೇವೆ ಮಾತ್ರ ಕಾಯ್ದೆಯ ಹೊರಗೆ. ತರಬೇತಿ ಅಕಾಡೆಮಿಗಳಲ್ಲಿ ಮಾಡೆಲ್ ಆಗಿ ಕೂರುವವರಿಗೆ ಇದೇ ತೊಡಕು.

ಬಿಲ್ ಇಲ್ಲ ಎಂದು ಹೆದರಬೇಡಿ, ಯುಪಿಐ ದಾಖಲೆ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಸಾಕು. ಬಿಲ್ ಕೊಡದಿರುವುದೇ ಸೆಕ್ಷನ್ 2(47)ರಲ್ಲಿ ಅನುಚಿತ ವ್ಯಾಪಾರ ಪದ್ಧತಿ, ದೂರಿನಲ್ಲಿ ಅದಕ್ಕೊಂದು ಪ್ಯಾರಾ ಮೀಸಲಿಡಿ. ಹಾಗಿದ್ದೂ ಇವತ್ತೇ ವಾಟ್ಸ್ಆ್ಯಪ್‌ನಲ್ಲಿ "ಇಂಥ ದಿನದ ರೀಬಾಂಡಿಂಗ್‌ನ ಬಿಲ್ ಕಳಿಸಿ" ಎಂದು ಕೇಳಿ. ಬಿಲ್ ಬಂದರೆ, ಸಲೂನ್‌ಗೆ ಜಿಎಸ್‌ಟಿ ನೋಂದಣಿ ಇದ್ದರೆ, ಅದರಲ್ಲಿ ಜಿಎಸ್‌ಟಿ ಸಂಖ್ಯೆ ಇರುತ್ತದೆ (ನಮ್ಮ ರಾಜ್ಯದ್ದು 29ರಿಂದ ಶುರು). ಜಿಎಸ್‌ಟಿ ಪೋರ್ಟಲ್‌ನಲ್ಲಿ ಹುಡುಕಿದರೆ ಅಂಗಡಿಯ ನಿಜವಾದ ಮಾಲೀಕರ ಹೆಸರು ಸಿಗುತ್ತದೆ. ಬೋರ್ಡ್ ಮೇಲಿನ ಬ್ರ್ಯಾಂಡ್ ಒಬ್ಬರದು, ಅಂಗಡಿ ನಡೆಸುವ ಫ್ರಾಂಚೈಸಿ ಇನ್ನೊಬ್ಬರದು ಆಗಿರುವುದು ಮಾಮೂಲು. ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನೇ ಮಾಡಿದರೆ "ಹೊಣೆ ಅವರದು" ಎಂದು ಇಲ್ಲದವರ ಕಡೆ ಕೈ ತೋರಿಸುತ್ತಾರೆ.

ಸಹಿ ಹಾಕಿದ ಫಾರ್ಮ್ ವಿಷಯ. ಏನು ಹಚ್ಚುತ್ತಾರೆ, ಬ್ಲೀಚ್ ಆದ ಕೂದಲಿಗೆ ಅದರಿಂದ ಏನಾಗಬಹುದು ಎಂದು ತಿಳಿಸದೆ ತೆಗೆದುಕೊಂಡ ಸಹಿ ಎಚ್ಚರಿಕೆಯಿಂದ ಕೆಲಸ ಮಾಡುವ ಹೊಣೆಯನ್ನು ಅಳಿಸಿಹಾಕುವುದಿಲ್ಲ. ಇಲ್ಲೊಂದು ಎಚ್ಚರಿಕೆ ಬೇಕು: "ಇದು ಅನ್ಯಾಯದ ಕರಾರು, ರದ್ದು ಮಾಡಿ" ಎಂದು ದೂರಿನಲ್ಲಿ ಕೋರಿಕೆ ಬರೆಯಬೇಡಿ. ಅನ್ಯಾಯದ ಕರಾರಿನ ದೂರು ಸೆಕ್ಷನ್ 47ರಂತೆ ರಾಜ್ಯ ಗ್ರಾಹಕ ಆಯೋಗಕ್ಕೆ ಹೋಗುತ್ತದೆ, ನಿಮ್ಮ ದೂರು ಹೋಗುವುದು ಜಿಲ್ಲಾ ಗ್ರಾಹಕ ಆಯೋಗಕ್ಕೆ, ಜಿಲ್ಲಾ ಆಯೋಗದಲ್ಲಿ ಅದೊಂದೇ ಆಕ್ಷೇಪಣೆಗೆ ದಾರಿಯಾದೀತು. ಸೇವಾ ನ್ಯೂನತೆಗಷ್ಟೇ ನಿಲ್ಲಿ.

ಇನ್ನು ಸಿಸಿಟಿವಿ. ಹಳೆಯ ದೃಶ್ಯದ ಮೇಲೆ ಹೊಸದು ಬರೆದುಕೊಳ್ಳುತ್ತಾ ಹೋಗುತ್ತದೆ. "ಇಂಥ ದಿನ, ಇಂಥ ಸಮಯದ ದೃಶ್ಯ ಉಳಿಸಿಡಿ, ವ್ಯಾಜ್ಯ ಇದೆ" ಎಂದು ಇಂದೇ ಇಮೇಲ್ ಮಾಡಿ. ಕೊಡದಿದ್ದರೂ ಪರವಾಗಿಲ್ಲ. ಕೇಳಿದ ಮೇಲೂ ಅಳಿಸಿದ್ದಾರೆ ಎಂಬುದನ್ನು ಆಯೋಗದ ಮುಂದೆ ಇಡಬಹುದು.

ಬಾಚಣಿಗೆ

ಸಲೂನ್ ತಾಂತ್ರಿಕ ತರಬೇತಿ ನನ್ನ ಕೆಲಸ, ಆ ಬದಿಯಿಂದ ಹೇಳುತ್ತೇನೆ. "ಕೂದಲೇ ವೀಕ್" ಎಂಬ ಉತ್ತರ ಅವರ ತಪ್ಪನ್ನೇ ಒಪ್ಪಿಕೊಂಡ ಹಾಗೆ. ಕೂದಲು ವೀಕ್ ಇದೆಯಾ ಎಂದು ನೋಡಿಕೊಂಡೇ ಕ್ರೀಮ್ ಆರಿಸಬೇಕು.

ರೀಬಾಂಡಿಂಗ್ ಕ್ರೀಮ್‌ನಲ್ಲಿ ಸಾಮಾನ್ಯವಾಗಿ ಇರುವುದು ಅಮೋನಿಯಂ ಥಯೋಗ್ಲೈಕೋಲೇಟ್. ಅದು ಕೂದಲಿನ ಕೆರಾಟಿನ್‌ನಲ್ಲಿರುವ ಡೈಸಲ್ಫೈಡ್ ಬಂಧಗಳನ್ನು ಬಿಡಿಸುತ್ತದೆ. ಆಮೇಲೆ ಐರನ್‌ನಿಂದ ನೇರ ಮಾಡಿ, ಹೈಡ್ರೋಜನ್ ಪೆರಾಕ್ಸೈಡ್ ಇರುವ ನ್ಯೂಟ್ರಲೈಸರ್ ಹಚ್ಚಿ ಬಂಧಗಳನ್ನು ಮತ್ತೆ ಕೂಡಿಸುತ್ತಾರೆ. ಬ್ಲೀಚ್ ಆದ ಕೂದಲಿನಲ್ಲಿ ಆ ಬಂಧಗಳಲ್ಲಿ ಒಂದು ಪಾಲು ಆಗಲೇ ಆಕ್ಸಿಡೈಸ್ ಆಗಿ ಹೋಗಿರುತ್ತದೆ, ಅವು ಮತ್ತೆ ಕೂಡುವುದಿಲ್ಲ. ಅಂಥ ಕೂದಲಿಗೆ ಸಾಮಾನ್ಯ ಕೂದಲಿನ ಕ್ರೀಮ್ ಹಚ್ಚಿ ಸಾಮಾನ್ಯ ಸಮಯ ಬಿಟ್ಟರೆ ಹಿಡಿದುಕೊಳ್ಳಲು ಒಳಗೆ ಏನೂ ಉಳಿಯುವುದಿಲ್ಲ. ಅದಕ್ಕೇ ಕಂಪನಿಗಳು ಒರಟು ಕೂದಲು, ಸಾಮಾನ್ಯ ಕೂದಲು, ಬಣ್ಣ ಹಾಕಿದ ಸೂಕ್ಷ್ಮ ಕೂದಲು ಎಂದು ಬೇರೆ ಬೇರೆ ಶಕ್ತಿಯ ಕ್ರೀಮ್ ಮಾಡುತ್ತವೆ. ಡಬ್ಬಿಯ ಮೇಲೇ ಬರೆದಿರುತ್ತದೆ. ತುಂಬಾ ಬ್ಲೀಚ್ ಆದ ಕೂದಲಿಗೆ ಮಾಡುವುದಿಲ್ಲ ಎಂದು ಹೇಳಿ ಕಳಿಸುವುದೇ ಸರಿ.

ನೀವು ಹೇಳಿದ ಎರಡು ಗುರುತು ಮುಖ್ಯ. ಒಂದು, ಬುಡದ ಹತ್ತಿರ ಒಂದೇ ಎತ್ತರದಲ್ಲಿ ತುಂಡಾಗಿರುವುದು. ಕ್ರೀಮ್ ಅನ್ನು ನೆತ್ತಿಯಿಂದ ಸುಮಾರು ಒಂದು ಸೆಂಟಿಮೀಟರ್ ಬಿಟ್ಟು ಹಚ್ಚಬೇಕು. ನೆತ್ತಿಯ ಶಾಖಕ್ಕೆ ಅಲ್ಲಿ ಕ್ರೀಮ್ ಬೇಗ ಕೆಲಸ ಮಾಡುತ್ತದೆ, ತುದಿಯ ಸಮಯವನ್ನೇ ಬುಡಕ್ಕೂ ಕೊಟ್ಟರೆ ಅತಿಯಾಗುತ್ತದೆ. ಎರಡು, ಕಿವಿ ಹಿಂದಿನ ಸುಟ್ಟ ಗಾಯ. ಕ್ರೀಮ್ ಚರ್ಮಕ್ಕೆ ತಾಗಿದೆ, ಉರಿ ಎಂದಾಗ ತೊಳೆದಿಲ್ಲ. ಉರಿ ಎಂದ ಕೂಡಲೇ ನಿಲ್ಲಿಸಿ ಧಾರಾಳ ನೀರಿನಲ್ಲಿ ತೊಳೆಯಬೇಕು, ಅದರಲ್ಲಿ ಎರಡು ಮಾತಿಲ್ಲ.

ಕ್ರೀಮ್ ಇದ್ದಾಗ ಮಧ್ಯೆ ಮಧ್ಯೆ ಒಂದೊಂದು ಎಳೆ ತೆಗೆದು ಬೆರಳಿಗೆ ಸುತ್ತಿ, ಎಳೆದು ನೋಡಬೇಕು. ರಬ್ಬರ್‌ನಂತೆ ಹಿಗ್ಗಿ ವಾಪಸ್ ಬರದಿದ್ದರೆ ಆಗಲೇ ಮಿತಿ ದಾಟಿದೆ. ಆಮೇಲೆ ಪೂರ್ತಿ ಒಣಗಿಸದೆ ಐರನ್ ಇಟ್ಟರೆ ಒಳಗಿನ ನೀರು ಆವಿಯಾಗಿ ಎಳೆಯೊಳಗೆ ಗುಳ್ಳೆ ಏಳುತ್ತದೆ. ಹೀಗೆ ಎಲ್ಲಿ ತಪ್ಪಿದೆ ಎಂದು ಹೊರಗಿನವರು ಊಹಿಸಬೇಕಾಗಿಲ್ಲ, ಬರಹದಲ್ಲಿ ಅವರನ್ನೇ ಕೇಳಿ: ಉತ್ಪನ್ನದ ಹೆಸರು, ಯಾವ ಶಕ್ತಿಯದು, ಬ್ಯಾಚ್ ಸಂಖ್ಯೆ, ಎಕ್ಸ್‌ಪೈರಿ, ಎಷ್ಟು ನಿಮಿಷ ಬಿಟ್ಟರು, ಐರನ್ ಎಷ್ಟು ಡಿಗ್ರಿ, ಮಾಡಿದ ಸಿಬ್ಬಂದಿಯ ತರಬೇತಿ ಏನು, ಕ್ಲೈಂಟ್ ಕಾರ್ಡ್ (ಗ್ರಾಹಕರ ಕೂದಲಿನ ವಿವರ ಬರೆದಿಡುವ ಚೀಟಿ) ಇದೆಯೇ. ಆಮದು ಉತ್ಪನ್ನವಾದರೆ ಲೇಬಲ್ ಮೇಲೆ ಆಮದುದಾರರ ವಿಳಾಸ ಮತ್ತು ನೋಂದಣಿ ಪ್ರಮಾಣಪತ್ರದ ಸಂಖ್ಯೆ ಇರಲೇಬೇಕು. ಇಲ್ಲದಿದ್ದರೆ ಅದು ಬೇರೆಯೇ ಗಂಭೀರ ವಿಷಯ.

ಉಚಿತ ಸ್ಪಾಗೆ ಖಂಡಿತ ಹೋಗಬೇಡಿ. ಬೇರೆ ಕಡೆ ಸರಿಪಡಿಸಲು ಬೋಟಾಕ್ಸ್, ಕೆರಾಟಿನ್, ಸ್ಮೂದನಿಂಗ್ ಎಂದೂ ಮಾಡಿಸಬೇಡಿ. ಹಾನಿ ಹೆಚ್ಚುತ್ತದೆ, ಜೊತೆಗೆ "ಹಾಳು ಮಾಡಿದ್ದು ಅವರು" ಎಂಬ ದಾರಿ ಇವರಿಗೆ ತೆರೆಯುತ್ತದೆ.

ಚರ್ಮದ_ಡಾಕ್ಟರು

ನಾಳೆಯೇ ಚರ್ಮರೋಗ ತಜ್ಞರಿಗೆ ತೋರಿಸಿ. ಹಕ್ಕಳೆ ಕೀಳಬೇಡಿ, ಕೂದಲು ಕತ್ತರಿಸಿ ಸಮ ಮಾಡಿಸಬೇಡಿ. ಫೋಟೋ, ಟ್ರೈಕೋಸ್ಕೋಪಿ (ನೆತ್ತಿ, ಕೂದಲನ್ನು ದೊಡ್ಡದಾಗಿ ಕಾಣಿಸುವ ಉಪಕರಣದಿಂದ ನೋಡುವುದು) ಆದಮೇಲೆ ಬೇಕಾದರೆ ಕತ್ತರಿಸಿ.

ಬಹಳ ಕೇಸುಗಳು ಕೆಡುವುದು ಚೀಟಿಯಲ್ಲಿ. ಡಾಕ್ಟರು ಅವಸರದಲ್ಲಿ "ಹೇರ್ ಫಾಲ್" ಎಂದು ಬರೆದು ಶಾಂಪೂ, ವಿಟಮಿನ್ ಕೊಡುತ್ತಾರೆ. ಎದುರಿನ ವಕೀಲರು ಅದೇ ಚೀಟಿ ಹಿಡಿದು, ಕೂದಲು ಉದುರಲು ನೂರು ಕಾರಣ ಎನ್ನುತ್ತಾರೆ. ನಿಮ್ಮ ತಂಗಿಗೆ ಆಗಿರುವುದು ಬುಡಸಮೇತ ಉದುರುವುದಲ್ಲ, ಎಳೆ ತುಂಡಾಗುವುದು. ಇವೆರಡೂ ಬೇರೆ, ಬೇರೆ ಎಂದು ದಾಖಲಾಗಬೇಕು. ಬುಡಸಮೇತ ಬಂದ ಕೂದಲಿನ ತುದಿಯಲ್ಲಿ ಬಿಳಿ ಗುಂಡು ಕಾಣುತ್ತದೆ. ತುಂಡಾದದ್ದರಲ್ಲಿ ಅದು ಇರುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡು ಬ್ರಷ್‌ಗಳನ್ನು ಒಂದಕ್ಕೊಂದು ಒತ್ತಿದ ಹಾಗೆ ಎಳೆ ಬಿರಿದಿರುತ್ತದೆ. ಇದಕ್ಕೆ ಟ್ರೈಕೋರೆಕ್ಸಿಸ್ ನೋಡೋಸಾ ಎನ್ನುತ್ತೇವೆ. ಥೈರಾಯ್ಡ್, ಜ್ವರ, ಒತ್ತಡದಿಂದ ಆಗುವ ಉದುರುವಿಕೆ ಬುಡದಿಂದ ಬರುವಂಥದ್ದು, ತಲೆಯಿಡೀ ಹರಡಿರುತ್ತದೆ, ಜ್ವರ ಒತ್ತಡಗಳದ್ದು ಎರಡು ಮೂರು ತಿಂಗಳು ತಡವಾಗಿ ಶುರುವಾಗುತ್ತದೆ. ಒಂದೇ ಬದಿಯಲ್ಲಿ, ಒಂದೇ ಎತ್ತರದಲ್ಲಿ, ರಾಸಾಯನಿಕ ಹಚ್ಚಿದ ದಿನಗಳಲ್ಲೇ ತುಂಡಾಗುವುದಿಲ್ಲ.

ಡಾಕ್ಟರನ್ನು ಕೇಳಿ ಬರೆಸಿಕೊಳ್ಳಬೇಕಾದದ್ದು: ರಾಸಾಯನಿಕ ಹಚ್ಚಿದ ದಿನಾಂಕ, ಗಾಯದ ಜಾಗ ಮತ್ತು ಅಳತೆ, ಎಳೆ ತುಂಡಾಗಿದೆಯೋ ಬುಡದಿಂದ ಬಂದಿದೆಯೋ, ಮತ್ತು "ಈ ಲಕ್ಷಣಗಳು ರಾಸಾಯನಿಕ ಹಾನಿಗೆ ಹೊಂದುತ್ತವೆ" ಎಂಬ ಅಭಿಪ್ರಾಯ. ಟಿಎಸ್‌ಎಚ್ (ಥೈರಾಯ್ಡ್), ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ) ರಕ್ತಪರೀಕ್ಷೆ ಮಾಡಿಸಿಬಿಡಿ. ನಾರ್ಮಲ್ ಬಂದರೆ ಅವರ ಥೈರಾಯ್ಡ್ ವಾದ ಅಲ್ಲಿಗೆ ಮುಗಿಯಿತು. ಹೆಚ್ಚುಕಡಿಮೆ ಬಂದರೂ ಮುಚ್ಚಿಡಬೇಡಿ, ಎಳೆ ತುಂಡಾದದ್ದಕ್ಕೆ ಅದು ಕಾರಣವಲ್ಲ ಎಂದು ಡಾಕ್ಟರೇ ವಿವರಿಸಬಹುದು.

ಮನೆಯಲ್ಲಿ: ತುಂಡಾದ ಕೂದಲನ್ನು ದಿನಾಂಕ ಬರೆದ ಕಾಗದದ ಲಕೋಟೆಯಲ್ಲಿ ಇಡಿ, ಪ್ಲಾಸ್ಟಿಕ್‌ನಲ್ಲಿ ತೇವ ನಿಲ್ಲುತ್ತದೆ. ಬಿಳಿ ಹಾಳೆಯ ಮೇಲೆ ಕೂದಲಿಟ್ಟು ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ನೆತ್ತಿಯ ಫೋಟೋ ವಾರಕ್ಕೊಮ್ಮೆ, ಅದೇ ಬೆಳಕು, ಅದೇ ದೂರ, ಫಿಲ್ಟರ್ ಇಲ್ಲದೆ. ತುಂಡಾದ ಎಳೆ ಬುಡ ಚೆನ್ನಾಗಿದ್ದರೆ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಅಂದರೆ 30 ಸೆಂಟಿಮೀಟರ್ ಹಿಂತಿರುಗಲು ಎರಡು ವರ್ಷಕ್ಕೂ ಹೆಚ್ಚು. ಸುಟ್ಟ ಜಾಗ ಬೇರೆ ವಿಷಯ. ಅಲ್ಲಿ ಕಲೆ ಕಟ್ಟಿ ಬುಡವೇ ಮುಚ್ಚಿಹೋದರೆ ಕೂದಲು ಬರುವುದಿಲ್ಲ, ಅದು ತಿಳಿಯಲು ಕೆಲವು ತಿಂಗಳು ಬೇಕು.

ಹಳೇಪೇಟೆ

ಎಲ್ಲರಿಗೂ ಧನ್ಯವಾದ. ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇವೆ. ಪರಿಹಾರ ಎಷ್ಟು ಕೇಳಬೇಕು? ಮನೆಯವರು 50 ಲಕ್ಷ ಕೇಳು ಎನ್ನುತ್ತಿದ್ದಾರೆ. ನಾವು ಹಾಸನದವರು, ಮೈಸೂರಿಗೇ ಓಡಾಡಬೇಕಾ? ಪೊಲೀಸ್ ದೂರು ಬೇಕಾ?

ಅಹವಾಲು

ಹಾಸನದಲ್ಲೇ ಹಾಕಬಹುದು. ದೂರುದಾರರು ವಾಸಿಸುವ ಅಥವಾ ದುಡಿಯುವ ಜಾಗದ ಜಿಲ್ಲಾ ಆಯೋಗಕ್ಕೂ ಅಧಿಕಾರ ಇದೆ, ಸೆಕ್ಷನ್ 34. ಘಟನೆಯಿಂದ ಎರಡು ವರ್ಷದ ಒಳಗೆ ಹಾಕಬೇಕು, ಸೆಕ್ಷನ್ 69.

ಮೊತ್ತದ ಬಗ್ಗೆ ಸ್ವಲ್ಪ ತಾಳ್ಮೆಯಿಂದ ಓದಿ. ಶುಲ್ಕ ಮತ್ತು ಆಯೋಗದ ಮಟ್ಟ ಈಗ ನಿರ್ಧಾರವಾಗುವುದು ನೀವು ಸೇವೆಗೆ ಕೊಟ್ಟ ಹಣದ ಮೇಲೆ, ಕೇಳುವ ಪರಿಹಾರದ ಮೇಲಲ್ಲ. ಕೊಟ್ಟದ್ದು 5 ಲಕ್ಷದ ಒಳಗಿದ್ದರೆ ಶುಲ್ಕವೇ ಇಲ್ಲ. ಹಾಗಾಗಿ ಕೇಳುವುದಕ್ಕೇನು ಎಂದು ದೊಡ್ಡ ಸಂಖ್ಯೆ ಬರೆಯುತ್ತಾರೆ. ದೆಹಲಿಯ ಪಂಚತಾರಾ ಹೋಟೆಲೊಂದರ ಸಲೂನ್‌ನಲ್ಲಿ 2018ರಲ್ಲಿ ಹೇಳಿದ್ದಕ್ಕಿಂತ ತೀರಾ ಗಿಡ್ಡ ಕತ್ತರಿಸಿದ ಪ್ರಕರಣದಲ್ಲಿ ರಾಷ್ಟ್ರೀಯ ಆಯೋಗ 2021ರಲ್ಲಿ 2 ಕೋಟಿ ಕೊಟ್ಟಿತು. ಎಲ್ಲರಿಗೂ ನೆನಪಿರುವುದು ಅಷ್ಟೇ. ಸುಪ್ರೀಂ ಕೋರ್ಟ್ 2023ರ ಫೆಬ್ರವರಿಯಲ್ಲಿ ಸೇವಾ ನ್ಯೂನತೆಯ ತೀರ್ಮಾನವನ್ನು ಮುಟ್ಟಲಿಲ್ಲ, ಆದರೆ 2 ಕೋಟಿಯನ್ನು ರದ್ದು ಮಾಡಿ ವಾಪಸ್ ಕಳಿಸಿತು. ಆ ಮೊತ್ತಕ್ಕೆ ಆಧಾರವಾಗುವ ದಾಖಲೆಯೇ ಇಲ್ಲ ಎಂಬುದು ಕಾರಣ. ಪ್ರಕರಣ ಆಮೇಲೂ ಮುಂದುವರಿಯಿತು. ನಿಮಗೆ ಬೇಕಾದ ಪಾಠ ಆ ಫೆಬ್ರವರಿಯ ಆದೇಶದಲ್ಲಿದೆ.

ಆದ್ದರಿಂದ ತಲೆಬರಹ ಬೇರೆ ಬೇರೆ ಮಾಡಿ ಲೆಕ್ಕ ಕೊಡಿ. ಸಲೂನ್‌ಗೆ ಕೊಟ್ಟ ಹಣ, ಚಿಕಿತ್ಸೆ, ಔಷಧಿ, ಪರೀಕ್ಷೆಗಳ ಬಿಲ್, ಮುಂದಿನ ಚಿಕಿತ್ಸೆಗೆ ಡಾಕ್ಟರ ಅಂದಾಜು ಪತ್ರ, ವಿಗ್ ಕೊಂಡಿದ್ದರೆ ರಸೀದಿ, ರಜೆ ಹಾಕಿ ಸಂಬಳ ಕಡಿತವಾಗಿದ್ದರೆ ಪೇ ಸ್ಲಿಪ್ ಮತ್ತು ಕಚೇರಿಯ ಪತ್ರ, ಮಾನಸಿಕ ಯಾತನೆ, ವ್ಯಾಜ್ಯದ ಖರ್ಚು. ಯಾತನೆಗೆ ರಸೀದಿ ಇರುವುದಿಲ್ಲ ನಿಜ, ಆದರೆ ಮದುವೆ ಮಾತುಕತೆ ಮುಂದೆ ಹೋದದ್ದು, ಸಂದರ್ಶನ ತಪ್ಪಿದ್ದು ಇಂಥದ್ದನ್ನು ದಿನಾಂಕ ಸಹಿತ, ಸಾಕ್ಷಿಯೊಬ್ಬರ ಅಫಿಡವಿಟ್ ಜೊತೆ ಹೇಳಬಹುದು. ನಾನಾದರೆ 50 ಲಕ್ಷ ಬರೆಯುವುದಿಲ್ಲ. ಆಧಾರವಿಲ್ಲದ ಸಂಖ್ಯೆ ಆಧಾರವಿರುವ ಸಂಖ್ಯೆಯ ಮೇಲಿನ ನಂಬಿಕೆಯನ್ನೂ ಕೆಡಿಸುತ್ತದೆ.

ಕ್ರಮ ಹೀಗಿರಲಿ. ಮೊದಲು ನೋಟಿಸ್: ಕಾನೂನಿನಲ್ಲಿ ಕಡ್ಡಾಯವಲ್ಲ, ಆದರೂ ಕಳಿಸಿ. ಸ್ಪೀಡ್ ಪೋಸ್ಟ್ ಮತ್ತು ಇಮೇಲ್ ಎರಡರಲ್ಲೂ, 15 ದಿನ ಗಡುವು ಕೊಟ್ಟು, ಬಾಚಣಿಗೆಯವರು ಬರೆದ ಪ್ರಶ್ನೆಗಳನ್ನೆಲ್ಲ ಸೇರಿಸಿ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಕನ್ನಡದಲ್ಲೇ ಮಾತಾಡಬಹುದು. ಅದು ರಾಜಿಗೆ ಒಂದು ಪ್ರಯತ್ನ, ಆದೇಶ ಹೊರಡಿಸುವ ಅಧಿಕಾರ ಅವರಿಗಿಲ್ಲ. ಅದರಲ್ಲೇ ತಿಂಗಳುಗಟ್ಟಲೆ ಕಾಯುತ್ತಾ ಕೂರಬೇಡಿ.

ಆಮೇಲೆ ಆಯೋಗದ ದೂರು, ಆನ್‌ಲೈನ್‌ನಲ್ಲಿ ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲ್ ಮೂಲಕ ಹಾಕಬಹುದು. ವಕೀಲರಿಲ್ಲದೆ ನೀವೇ ವಾದಿಸಬಹುದು. ದೂರಿನ ಜೊತೆ ದಿನಾಂಕಗಳ ಪಟ್ಟಿ, ಅಫಿಡವಿಟ್, ಪುಟಸಂಖ್ಯೆ ಹಾಕಿದ ದಾಖಲೆಗಳು. ವಾಟ್ಸ್ಆ್ಯಪ್, ಫೋಟೋಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಸೆಕ್ಷನ್ 63ರ ಪ್ರಮಾಣಪತ್ರ ಕೊಡಿ. ಅದರಲ್ಲಿ ಎರಡು ಭಾಗ, ಒಂದು ನಿಮ್ಮದು, ಇನ್ನೊಂದು ತಜ್ಞರದು, ಫೈಲಿನ ಹ್ಯಾಶ್ ಮೌಲ್ಯ (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಗುರುತು) ನಮೂದಿಸಬೇಕು. ಮೂಲ ಫೋನ್ ಮಾರಬೇಡಿ, ರೀಸೆಟ್ ಮಾಡಬೇಡಿ. ಆಯೋಗದ ನೋಟಿಸ್ ತಲುಪಿದ ಮೇಲೆ ಸಲೂನ್‌ಗೆ ಉತ್ತರ ಹಾಕಲು 30 ದಿನ, ಆಯೋಗ ಹೆಚ್ಚೆಂದರೆ ಇನ್ನು 15 ದಿನ ಕೊಡಬಹುದು. ಅದು ಮೀರಿದರೆ ಆಕ್ಷೇಪಿಸಿ. ಡಾಕ್ಟರ ಚೀಟಿ ಹಾಜರುಪಡಿಸಿದರೆ ಸಾಲದು, ಸಾಕ್ಷ್ಯದ ಹಂತದಲ್ಲಿ ಅವರ ಅಫಿಡವಿಟ್ ಹಾಕಿಸಿ. ಈ ಒಂದು ಹಾಳೆ ಇಲ್ಲದೆ ಸೋತ ದೂರುಗಳಿವೆ. ಮೂರು ತಿಂಗಳಲ್ಲಿ ಮುಗಿಸಬೇಕೆಂದು ಕಾಯ್ದೆ ಹೇಳುತ್ತದೆ, ಆದರೆ ಹೆಚ್ಚೇ ಹಿಡಿಯುತ್ತದೆ ಎಂದುಕೊಂಡು ಹೊರಡಿ.

ಪೊಲೀಸ್ ದೂರು ನಿಮ್ಮ ಆಯ್ಕೆ. ನಿರ್ಲಕ್ಷ್ಯದಿಂದ ಗಾಯ ಮಾಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಸೆಕ್ಷನ್ 125 ಇದೆ. ಅದಕ್ಕೆ ಹೋಗುವುದಾದರೆ ಗಾಯ ಹಸಿಯಿರುವಾಗಲೇ ಸರ್ಕಾರಿ ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸ್ ಪ್ರಕರಣಕ್ಕೆ ಬೇಕಾಗುವ ಗಾಯದ ವೈದ್ಯಕೀಯ ದಾಖಲೆ) ಮಾಡಿಸಿ. ಪರಿಹಾರದ ಹಣ ಬರುವುದು ಮಾತ್ರ ಗ್ರಾಹಕ ಆಯೋಗದಿಂದಲೇ.

ತುಂಗಾತೀರ

ಒಂದು ಸೇರಿಸುತ್ತೇನೆ. ನೋಟಿಸ್ ಹೋದಮೇಲೆ ಸಲೂನ್‌ನವರು ದುಡ್ಡು ವಾಪಸ್ ಕೊಡುತ್ತೇವೆ ಎಂದು ಬರುತ್ತಾರೆ, ಜೊತೆಗೊಂದು ಹಾಳೆ ತರುತ್ತಾರೆ. ಅದರಲ್ಲಿ "ಇನ್ನು ಯಾವ ತಕರಾರೂ ಇಲ್ಲ" ಎಂಬ ಸಾಲು ಇದ್ದೇ ಇರುತ್ತದೆ. ಸುಟ್ಟ ಜಾಗದಲ್ಲಿ ಕೂದಲು ಬರುತ್ತದೋ ಇಲ್ಲವೋ ಡಾಕ್ಟರು ಹೇಳುವ ಮೊದಲು ಅದಕ್ಕೆ ಸಹಿ ಹಾಕಬೇಡಿ. ಹಣ ಖಾತೆಗೆ ಹಾಕಿದರೆ "ಸೇವೆಯ ಶುಲ್ಕದ ಮರುಪಾವತಿ ಮಾತ್ರ, ಚಿಕಿತ್ಸೆ ಮತ್ತು ಪರಿಹಾರದ ಹಕ್ಕು ಉಳಿಸಿಕೊಂಡಿದ್ದೇನೆ" ಎಂದು ಅವತ್ತೇ ಇಮೇಲ್ ಮಾಡಿ. ರಿವ್ಯೂ ಬರೆಯುವುದಾದರೆ ದಿನಾಂಕ, ಸೇವೆ, ಏನಾಯಿತು, ಅಷ್ಟೇ ಇರಲಿ. ಸಿಬ್ಬಂದಿಯ ಹೆಸರು, ಬೈಗುಳ ಹಾಕಿದರೆ ಮಾನನಷ್ಟದ ನೋಟಿಸ್ ಕಳಿಸಲು ಅವರಿಗೆ ನೆಪ ಸಿಗುತ್ತದೆ, ರಾಜಿ ಮಾತೂ ಕೆಡುತ್ತದೆ.