ಚಾಲ್ಕೋಪೈರೈಟಿನ ತಾಮ್ರ-65 ಮೌಲ್ಯ ಲೇಸರ್‌ನಲ್ಲಿ ಮಾತ್ರ ಹೆಚ್ಚಾಗಿ ಬರುತ್ತಿದೆ

ಪ್ರಶ್ನೆ:
ನಮಸ್ಕಾರ. ಚಿತ್ರದುರ್ಗದ ಬಳಿಯ ಇಂಗಳದಾಳ ಗಣಿಯ ಅದಿರಿನಲ್ಲಿರುವ ಚಾಲ್ಕೋಪೈರೈಟ್ (ತಾಮ್ರ, ಕಬ್ಬಿಣ, ಗಂಧಕ ಕೂಡಿದ ಖನಿಜ) ಹರಳುಗಳನ್ನು, 193 ನ್ಯಾನೋಮೀಟರಿನ ನ್ಯಾನೋಸೆಕೆಂಡ್ ಲೇಸರ್ ಜೋಡಿಸಿದ ಪ್ಲಾಸ್ಮಾ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಳೆಯುತ್ತಿದ್ದೇನೆ. ಹರಳಿನ ಪುಡಿಯನ್ನು ಆಮ್ಲದಲ್ಲಿ ಕರಗಿಸಿ, ತಾಮ್ರವನ್ನು ರಾಳದ ಕಾಲಂನಲ್ಲಿ ಬೇರ್ಪಡಿಸಿ ಅಳೆದಾಗ ಡೆಲ್ಟಾ ಮೌಲ್ಯ (ತಾಮ್ರದ 65 ಮತ್ತು 63 ಐಸೋಟೋಪ್‌ಗಳ ಅನುಪಾತ ಮಾನಕದ್ದಕ್ಕಿಂತ ಎಷ್ಟು ಬೇರೆ ಎಂಬುದು) ಸಾವಿರಕ್ಕೆ 0.2 ಬಂದಿತ್ತು, ಅದೇ ಹರಳಿಗೆ ಲೇಸರ್‌ನಲ್ಲಿ 0.8ರ ಆಸುಪಾಸು ಬರುತ್ತಿದೆ. ಮಾನಕವಾಗಿ ಶುದ್ಧ ತಾಮ್ರದ ತಗಡನ್ನು ಇಟ್ಟಿದ್ದೇನೆ, ಉಪಕರಣದ ರಾಶಿ ಪಕ್ಷಪಾತವನ್ನು (ಭಾರದ ಮತ್ತು ಹಗುರ ಐಸೋಟೋಪ್‌ಗಳನ್ನು ಅದು ಸಮವಾಗಿ ಎಣಿಸದಿರುವುದನ್ನು) ನಿಕ್ಕಲ್ ದ್ರಾವಣ ಬೆರೆಸಿ ತಿದ್ದುತ್ತಿದ್ದೇನೆ. ಸೋಡಿಯಂ ಅಂಟಿರಬಹುದೆಂದು ಮಾದರಿಯನ್ನು ಮೂರು ಬಾರಿ ತೊಳೆದರೂ ಏನೂ ಬದಲಾಗಲಿಲ್ಲ. ತಪ್ಪು ಎಲ್ಲಿರಬಹುದು?

ಉತ್ತರ:
ಸೋಡಿಯಂ ಇಲ್ಲಿ ಕಾರಣವಾಗಲಾರದು. ಪ್ಲಾಸ್ಮಾದ ಆರ್ಗಾನ್ 40 ಮತ್ತು ಸೋಡಿಯಂ 23 ಕೂಡಿ ರಾಶಿ 63ರ ಮೇಲೆ ಬೀಳುವುದರಿಂದ ನಿಮ್ಮ ಮೌಲ್ಯ ಇಳಿಯಬೇಕಿತ್ತೇ ಹೊರತು ಏರುತ್ತಿರಲಿಲ್ಲ. ಏರಿಸಬಲ್ಲವು 65ರ ಮೇಲೆ ಬೀಳುವ ಅಯಾನುಗಳು: ಗಂಧಕದ 32 ಮತ್ತು 33 ಕೂಡಿದ್ದು, ಅಥವಾ ಹರಳಿನೊಳಗೆ ಸತುವಿನ ಖನಿಜವಾದ ಸ್ಫಾಲರೈಟಿನ ಚುಕ್ಕೆಗಳಿದ್ದರೆ ಸತು 64ಕ್ಕೆ ಹೈಡ್ರೋಜನ್ ಸೇರಿದ್ದು. ನಿಮ್ಮ ತಗಡಿನಲ್ಲಿ ಇವೆರಡೂ ಇಲ್ಲದ ಕಾರಣ ಮಾನಕದೊಡನೆ ಹೋಲಿಸಿದಾಗ ಇವು ರದ್ದಾಗುವುದಿಲ್ಲ. ಗಂಧಕ ಶೇ. 53ರಷ್ಟಿರುವ ಪೈರೈಟನ್ನು (ಕಬ್ಬಿಣದ ಸಲ್ಫೈಡ್) ಇದೇ ಶಕ್ತಿಯಲ್ಲಿ ಕೆತ್ತಿ 63 ಮತ್ತು 65 ಎರಡನ್ನೂ ನೋಡಿ. 63 ಹಿನ್ನೆಲೆಯ ಮಟ್ಟದಲ್ಲೇ ಇದ್ದು 65 ಮಾತ್ರ ಎದ್ದರೆ ಅದು ಗಂಧಕದ ಕೆಲಸ. ಜೊತೆಗೆ, ಒಂದೇ ಕುಳಿಯಲ್ಲಿ ಆಳಕ್ಕೆ ಹೋದಂತೆ ಅನುಪಾತ ಜಾರುತ್ತದೆಯೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಪ್ರಶ್ನಿಸಿದವರು:
ಪೈರೈಟಿನಲ್ಲಿ 63, 65 ಎರಡೂ ಹಿನ್ನೆಲೆಯ ಮಟ್ಟದಲ್ಲೇ ಇದ್ದವು. ಸೂಕ್ಷ್ಮದರ್ಶಕದಲ್ಲಿ ಸ್ಫಾಲರೈಟ್ ಕಾಣಲಿಲ್ಲ, 66ರಲ್ಲೂ ಸತುವಿನ ಸುಳಿವಿಲ್ಲ. ಆದರೆ ಕುಳಿ ಆಳವಾದಂತೆ ಅನುಪಾತ ಒಂದೇ ದಿಕ್ಕಿಗೆ ಜಾರುತ್ತಿದೆ, ಲೇಸರ್ ಶಕ್ತಿ ಹೆಚ್ಚಿಸಿದರೆ ಜಾರುವಿಕೆಯೂ ಹೆಚ್ಚುತ್ತದೆ.

ಉತ್ತರ:
ಹಾಗಾದರೆ ತೊಂದರೆ ಹುಟ್ಟುತ್ತಿರುವುದು ಕೆತ್ತನೆಯಲ್ಲೇ. ನ್ಯಾನೋಸೆಕೆಂಡ್ ಸ್ಪಂದ ಮುಗಿಯುವಷ್ಟರಲ್ಲಿ ಶಾಖ ಕುಳಿಯ ಸುತ್ತಲಿನ ಖನಿಜಕ್ಕೆ ಹರಡಿ ಅದನ್ನು ಕರಗಿಸುತ್ತದೆ. ಆವಿಯಾದ ಪಾಲು ಮತ್ತು ಕರಗಿ ಸಿಡಿದ ಪಾಲಿನ ಐಸೋಟೋಪ್ ಅನುಪಾತ ಒಂದೇ ಆಗಿರುವುದಿಲ್ಲ, ಅದರ ಮೇಲೆ ದೊಡ್ಡ ಕಣಗಳು ಪ್ಲಾಸ್ಮಾದಲ್ಲಿ ಪೂರ್ತಿ ಆವಿಯಾಗದೆ ಹಾದುಹೋಗುತ್ತವೆ. ಲೋಹದ ತಗಡು ಮತ್ತು ಸಲ್ಫೈಡ್ ಖನಿಜ ಈ ಶಾಖಕ್ಕೆ ಒಂದೇ ರೀತಿ ಸ್ಪಂದಿಸುವುದಿಲ್ಲ. ನಿಕ್ಕಲ್ ದ್ರಾವಣವು ಲೇಸರನ್ನು ಹಾದುಬಂದಿಲ್ಲವಾದ್ದರಿಂದ, ಕುಳಿಯಲ್ಲಿ ಆದ ಈ ಬೇರ್ಪಡೆಯನ್ನು ಅದು ಎಷ್ಟು ಬೆರೆಸಿದರೂ ತಿದ್ದಲಾರದು. ಬಹಳ ಮಂದಿ ಎಡವುವುದು ಇಲ್ಲಿಯೇ.

ದ್ರಾವಣದಲ್ಲಿ ಅಳೆದು ಮೌಲ್ಯ ಖಚಿತಪಡಿಸಿಕೊಂಡ, ಏಕರೂಪವೆಂದು ಪರೀಕ್ಷಿಸಿದ ಚಾಲ್ಕೋಪೈರೈಟ್ ತುಂಡನ್ನೇ ಮಾನಕವಾಗಿಸಿ, ಪ್ರತಿ ಮಾದರಿಯ ಹಿಂದೆ ಮುಂದೆ ಅದನ್ನು ಅಳೆಯಿರಿ. ಒಂದೇ ಚುಕ್ಕೆಯಲ್ಲಿ ಕೊರೆಯುವ ಬದಲು ಕಡಿಮೆ ಶಕ್ತಿಯಲ್ಲಿ ಗೆರೆ ಎಳೆದಂತೆ ಕೆತ್ತಿ, ಕೋಶದಲ್ಲಿ ಹೀಲಿಯಂ ಹರಿಸಿ. ಫೆಮ್ಟೋಸೆಕೆಂಡ್ ಲೇಸರ್ ಸಿಕ್ಕರೆ ಶಾಖದ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ.

ಪ್ರಶ್ನಿಸಿದವರು:
ಚಾಲ್ಕೋಪೈರೈಟ್ ಮಾನಕ ಮತ್ತು ಗೆರೆ ಕೆತ್ತನೆಯಿಂದ ಮೌಲ್ಯ 0.25ಕ್ಕೆ ಬಂದಿದೆ, ತುಂಬಾ ಧನ್ಯವಾದಗಳು. ಇದೇ ಮಾನಕದಿಂದ ಬೋರ್ನೈಟನ್ನೂ (ತಾಮ್ರದ ಇನ್ನೊಂದು ಸಲ್ಫೈಡ್ ಖನಿಜ) ಅಳೆಯಬಹುದೇ?

ಉತ್ತರ:
ಪರೀಕ್ಷಿಸದೆ ಬೇಡ. ಚಾಲ್ಕೋಪೈರೈಟಿನಲ್ಲಿ ತಾಮ್ರ ಶೇ. 34.6, ಬೋರ್ನೈಟಿನಲ್ಲಿ ಶೇ. 63.3. ಮೊದಲು ಬೋರ್ನೈಟಿಗೆ ಚುಕ್ಕೆಯ ಗಾತ್ರ ಕಿರಿದಾಗಿಸಿ ಎರಡರ ಸಂಕೇತವನ್ನು ಸಮಮಾಡಿಕೊಳ್ಳಿ, ಬಳಿಕ ಒಂದು ಬೋರ್ನೈಟನ್ನಾದರೂ ದ್ರಾವಣದಲ್ಲಿ ಅಳೆದು ಹೋಲಿಸಿ ನೋಡಿ.